ಶಾಂಪೂ ತಲೆಯ ಮೇಲೆ ನಿಲ್ಲುವ ಸಮಯವೂ ಮುಖ್ಯ

ತಲೆಹೊಟ್ಟಿನ ಔಷಧಯುಕ್ತ ಶಾಂಪೂಗಳೆಲ್ಲ ಹೆಚ್ಚುಕಡಿಮೆ ಒಂದೇ ಎಂದು ಲೇಖನವೊಂದರಲ್ಲಿ ಓದಿದೆ; ಅದರ ಲೇಖಕರ ಮಾತನ್ನು ಪೂರ್ತಿ ಒಪ್ಪಲಾಗದು. ಶೇ. 2ರ ಕೀಟೋಕೊನಜೋಲ್ ಮತ್ತು ಶೇ. 1ರ ಜಿಂಕ್ ಪೈರಿಥಿಯೋನ್ ಎಂಬ ಔಷಧಗಳೆರಡೂ ಹೊಟ್ಟಿಗೆ ಕಾರಣವಾಗುವ ಮಲಸೀಜಿಯಾ ಎಂಬ ಶಿಲೀಂಧ್ರವನ್ನು ತಗ್ಗಿಸುತ್ತವೆಯಾದರೂ, ತೀವ್ರವಾದ ಹೊಟ್ಟಿಗೆ ಮೊದಲನೆಯದೇ ಹೆಚ್ಚು ಪರಿಣಾಮಕಾರಿ; ಸ್ಯಾಲಿಸಿಲಿಕ್ ಆಮ್ಲವಾದರೋ ಮುಖ್ಯವಾಗಿ ನೆತ್ತಿಯ ಸತ್ತ ಚರ್ಮದ ಪದರುಗಳನ್ನು ಸಡಿಲಗೊಳಿಸುತ್ತದೆ. ವಿಜಯಪುರದ ನಮ್ಮ ಬಡಾವಣೆಯ ಕೊಳವೆಬಾವಿಯ ಸವಳು ನೀರಿನಲ್ಲಿ ನೊರೆಯೇ ಏಳುವುದಿಲ್ಲವೆಂದು ನಾನು ಕೂಡಲೇ ತೊಳೆದುಬಿಡುತ್ತಿದ್ದೆ. ಚರ್ಮವೈದ್ಯರ ಸಲಹೆಯಂತೆ ಕೀಟೋಕೊನಜೋಲ್ ಶಾಂಪೂವನ್ನು ಮೂರರಿಂದ ಐದು ನಿಮಿಷ ತಲೆಯ ಮೇಲೆಯೇ ಬಿಟ್ಟು ತೊಳೆದು, ವಾರಕ್ಕೆರಡು ಬಾರಿಯಂತೆ ನಾಲ್ಕು ವಾರ ಬಳಸಿದ ಮೇಲೆಯೇ ತುರಿಕೆ ನಿಂತಿತು. ಅಮ್ಮ ಒತ್ತಾಯದಿಂದ ಹಚ್ಚುತ್ತಿದ್ದ ಕೊಬ್ಬರಿ ಎಣ್ಣೆಯನ್ನೂ ಆ ಅವಧಿಯಲ್ಲಿ ಬಿಟ್ಟಿದ್ದೆ, ಏಕೆಂದರೆ ಆ ಶಿಲೀಂಧ್ರಕ್ಕೆ ಕೊಬ್ಬೇ ಆಹಾರ.