ಎಲ್ಲ ಕಂಪನಿಗೂ ಒಬ್ಬನೇ ಹುಡುಗ

ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸುವಾಗ ಮೊದಲು ಸ್ಪೀಡ್ ನೋಡಬೇಕು ಅಂತ ಹೇಳುವವರು ತುಮಕೂರಿನಲ್ಲಿ ಮನೆ ಮಾಡಿಲ್ಲ. ನಮ್ಮೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಆಮೇಲೆ ಕೆಲವು ವರ್ಷ ಜೆಸಿಬಿ ಸದ್ದಿಲ್ಲದೆ ನಮಗೆ ಬೆಳಗಾಗುತ್ತಿರಲಿಲ್ಲ. ಚರಂಡಿಗೆ ಅಂತ ಒಂದ್ಸಲ, ನೀರಿನ ಪೈಪಿಗೆ ಅಂತ ಒಂದ್ಸಲ, ಫುಟ್‌ಪಾತಿಗೆ ಅಂತ ಇನ್ನೊಂದ್ಸಲ. ಜೆಸಿಬಿಯ ಹಲ್ಲಿಗೆ 40 ಎಂಬಿಪಿಎಸ್ ಸ್ಪೀಡಿನ ವೈರೂ ಒಂದೇ, 300ರ ವೈರೂ ಒಂದೇ. ಅದು ಸೀನಿಯಾರಿಟಿ ನೋಡುವುದಿಲ್ಲ.

ಇದನ್ನು ನಮ್ಮೆಜಮಾನ್ರಿಗೆ ಹೇಳುವವರು ಯಾರು? ಲೆಕ್ಕಪತ್ರ ವಿಭಾಗದಲ್ಲಿದ್ದು ರಿಟೈರ್ ಆದವರು. ರೈಲಿನಲ್ಲಿ ದಿನಾ ಬೆಂಗಳೂರಿಗೆ ಓಡಾಡುವ ಕಾಲದಲ್ಲಿ ಯಾವ ಬೋಗಿಯಲ್ಲಿ ಕಿಟಕಿ ಸೀಟು ಸಿಗುತ್ತೆ ಅನ್ನುವುದಕ್ಕೂ ಪಟ್ಟಿ ಇಟ್ಟವರು. ಹಳೇ ನೆಟ್ ಬಿಟ್ಟು ಹೊಸದು ಹಾಕಿಸೋಣ ಅಂದದ್ದೇ ತಡ, ಬ್ಯಾಂಕಿನವರು ಕೊಟ್ಟ ಡೈರಿ ತೆಗೆದು ಸ್ಕೇಲಿಟ್ಟು ಗೆರೆ ಹಾಕತೊಡಗಿದರು. ಮೂರು ಕಂಪನಿ, ಒಂಬತ್ತು ಕಾಲಂ. ಕೊನೇ ಕಾಲಮ್ಮಿನ ತಲೆಬರಹ "ಷರಾ".

ಹಳೇ ನೆಟ್ ಬಿಡುವುದಕ್ಕೆ ಕಾರಣ ಮೂಲೆಮನೆಯವರ ದೈವಭಕ್ತಿ. ಆ ಲೋಕಲ್ ನೆಟ್‌ನವರು ಇಡೀ ಬೀದಿಗೆ ಸೇರಿಸಿ ನೆಟ್ ಹಂಚುವ ಒಂದು ಸ್ವಿಚ್ ಡಬ್ಬಿ ಇಟ್ಟಿದ್ದರು. ಅದಕ್ಕೆ ಮೂಲೆಮನೆಯಿಂದ ಕರೆಂಟ್ ಎಳೆದಿದ್ದರು. ಕರೆಂಟ್ ಕೊಟ್ಟದ್ದಕ್ಕೆ ಆ ಮನೆಗೆ ನೆಟ್ ಫ್ರೀ. ಈ ಒಳಒಪ್ಪಂದ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರು ಸಂಸಾರ ಸಮೇತ ಧರ್ಮಸ್ಥಳ, ಸುಬ್ರಹ್ಮಣ್ಯ ಅಂತ ಹೊರಟರು. ಜವಾಬ್ದಾರಿ ಇರುವ ಜನ ನೋಡಿ, ಮೇನ್ ಆಫ್ ಮಾಡಿಯೇ ಬೀಗ ಹಾಕಿದರು. ನಮ್ಮ ಇಂಟರ್‌ನೆಟ್ಟೂ ಅವರ ಜೊತೆ ಘಾಟಿ ಇಳಿಯಿತು. ಬೀದಿಯವರೆಲ್ಲ ಗೇಟಿನ ಮುಂದೆ ಸೇರಿ ಫೋನ್ ಮಾಡಿದರೆ, "ಕ್ಯೂನಲ್ಲಿದ್ದೀವಿ ಕಣ್ರೀ, ದರ್ಶನ ಆದ್ಮೇಲೆ ಮಾತಾಡ್ತೀವಿ" ಅಂತ ಪಿಸುಗುಟ್ಟಿ ಇಟ್ಟರು. ವಾಪಸ್ ಬಂದ ದಿನ ಮನೆಮನೆಗೂ ಪ್ರಸಾದ ಬಂತು. ಅದರ ಹಿಂದೆಯೇ ನೆಟ್ಟೂ ಬಂತು.

ಮಗಳು ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾಳೆ. ಅವಳು ಹೇಳಿದ್ದು ಇಷ್ಟು. ಗಾಜಿನ ಎಳೆ ಮನೆಯೊಳಗಿನವರೆಗೂ ಬಂದರೆ ಅದು ನಿಜವಾದ ಫೈಬರ್. ಕಂಬದವರೆಗೆ ಗಾಜು, ಅಲ್ಲಿಂದ ತಾಮ್ರದ ವೈರ್ ಆದರೆ ನಡುವೆ ಒಂದು ಡಬ್ಬಿ ಬೇಕು, ಡಬ್ಬಿಗೆ ಕರೆಂಟ್ ಬೇಕು. ಪಾಂಪ್ಲೆಟ್‌ನಲ್ಲಿ ಮಾತ್ರ ಎರಡಕ್ಕೂ ಫೈಬರ್ ಅಂತಲೇ ಹಾಕಿರುತ್ತಾರೆ. ನಿಜವಾದದ್ದರಲ್ಲಿ ಬೆಳಕನ್ನು ಹಂಚುವ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ಸಾಮಾನ್ಯವಾಗಿ ಒಂದು ಎಳೆಯಲ್ಲಿ ಬರುವ ಸುಮಾರು 2,500 ಎಂಬಿಪಿಎಸ್ ಸ್ಪೀಡನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. "ಆಗ ಬೀದಿಯಲ್ಲಿ ಯಾರು ಯಾವ ದೇವಸ್ಥಾನಕ್ಕೆ ಹೋದ್ರೂ ನಮಗೇನೂ ಆಗಲ್ಲಮ್ಮ" ಅಂದಳು. ನನಗೆ ಅಷ್ಟು ಅರ್ಥವಾದರೆ ಸಾಕಿತ್ತು.

ಯಜಮಾನರು ಬೆಲೆಯ ಕಾಲಂ ತುಂಬುತ್ತಿದ್ದರು. ಪೇಪರಿನ ಮಡಿಕೆಯಿಂದ ಬಿದ್ದ ಪಾಂಪ್ಲೆಟ್ಟಿನಲ್ಲಿ ₹399 ಅಂತ ಅಂಗೈ ಅಗಲ ಬರೆದು, ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ನಕ್ಷತ್ರ ಇಟ್ಟಿದ್ದರು. ಭೂತಗನ್ನಡಿ ಹಿಡಿದರೆ ಗೊತ್ತಾಯಿತು, ಶೇ. 18 ಜಿಎಸ್‌ಟಿ ಬೇರೆ. ಅಲ್ಲಿಗೆ ₹470.82. ಇನ್‌ಸ್ಟಲೇಶನ್ ಫ್ರೀ ಆಗಬೇಕಾದರೆ ಆರು ತಿಂಗಳದ್ದು ಒಟ್ಟಿಗೆ ಕಟ್ಟಬೇಕು. ಅಲ್ಲಿಗೆ ₹2,825. ರೂಟರಿಗೆ ಡಿಪಾಜಿಟ್ ಬೇರೆ. ಅದೇನೋ ವಾಪಸ್ ಬರುತ್ತೆ, ಆದರೆ ರೂಟರ್ ಜೊತೆ ಅದರ ಅಡಾಪ್ಟರನ್ನೂ ಕೊಡಬೇಕು. ನಮ್ಮ ಮನೆಯಲ್ಲಿ ಯಾವ ಅಡಾಪ್ಟರ್ ಯಾವುದರದ್ದು ಅಂತ ಹೇಳಬಲ್ಲವರು ಇನ್ನೂ ಹುಟ್ಟಿಲ್ಲ. ಇನ್ನೊಂದು ಪ್ಲಾನಿಗೆ ಹದಿನಾಲ್ಕು ಆಪ್ ಉಚಿತ. ಅತ್ತೆ ಕನ್ನಡಕ ಹಾಕಿಕೊಂಡು ಪಟ್ಟಿ ನೋಡಿದರು. ಅವರ ಸೀರಿಯಲ್ ಬರುವ ಆಪು ಅದರಲ್ಲಿರಲಿಲ್ಲ. "ಉಚಿತ ಅಂದ್ರೆ ಹೀಗೇ, ನಮಗೆ ಬೇಡದ್ದು" ಅಂದು ಕನ್ನಡಕ ತೆಗೆದಿಟ್ಟರು. ನನ್ನ ಪ್ರಕಾರ ಒಂಬತ್ತು ಕಾಲಮ್ಮಿನ ಸಾರಾಂಶ ಅದು. ಷರಾ ಕಾಲಮ್ಮಿಗೆ ಹೋಗಬೇಕಿತ್ತು.

ಅನ್‌ಲಿಮಿಟೆಡ್ ಅನ್ನುವ ಜಾಗದಲ್ಲೂ ನಕ್ಷತ್ರ. ಅದರ ಕೆಳಗೆ, ತಿಂಗಳಿಗೆ 3,300 ಜಿಬಿ ಆದಮೇಲೆ ಸ್ಪೀಡ್ ಇಳಿಯುತ್ತೆ ಅಂತ. ಯಜಮಾನರು ಇದನ್ನು ಮೋಸ ಅಂದರು. ನಾನು ಅವರದ್ದೇ ಕ್ಯಾಲ್ಕುಲೇಟರ್ ತಗೊಂಡೆ. ದಿನಕ್ಕೆ 110 ಜಿಬಿ ಆಯಿತು. ಎಚ್‌ಡಿ ವಿಡಿಯೋ ಗಂಟೆಗೆ ಹೆಚ್ಚೆಂದರೆ 3 ಜಿಬಿ ತಿನ್ನುತ್ತೆ. ಅಂದರೆ ದಿನಕ್ಕೆ ಮೂವತ್ತಾರು ಗಂಟೆ ಸೀರಿಯಲ್ ನೋಡಿದರೂ ಮುಗಿಯುವುದಿಲ್ಲ. ಅತ್ತೆ ಒಬ್ಬರೇ ಅಷ್ಟು ನೋಡಲಾರರು. ನಾದಿನಿ ಬಂದಿದ್ದರೆ ಮಾತ್ರ ಹೇಳಲಾಗುವುದಿಲ್ಲ. ನೋಡಬೇಕಾದದ್ದು ಮಿತಿ ಮುಗಿದ ಮೇಲಿನ ಸ್ಪೀಡು. ಕೆಲವು ಸಣ್ಣ ಪ್ಲಾನುಗಳಲ್ಲಿ ಮಿತಿ ತುಂಬಾ ಕಮ್ಮಿ, ಅದು ದಾಟಿದರೆ 2 ಎಂಬಿಪಿಎಸ್‌ಗೆ ಬಂದು ಕೂರುತ್ತೆ. ಜಗಳ ಆಡುವ ಹಾಗೂ ಇಲ್ಲ. 2023ರಿಂದ ಸರ್ಕಾರದ ಲೆಕ್ಕದಲ್ಲಿ 2 ಎಂಬಿಪಿಎಸ್ ಇದ್ದರೂ ಅದು ಬ್ರಾಡ್‌ಬ್ಯಾಂಡೇ. ಅದಕ್ಕೆ ಮೊದಲು 512 ಕೆಬಿಪಿಎಸ್, ಅಂದರೆ ಅದರ ಕಾಲು ಭಾಗವೇ ಸಾಕಾಗಿತ್ತು.

ಸ್ಪೀಡಿನ ವಿಷಯದಲ್ಲಿ ಬೆಂಗಳೂರಿನ ಮೈದುನ ಫೋನಿನಲ್ಲೇ ಕೂಗಾಡಿದ. "ಅತ್ತಿಗೇ, ಮುನ್ನೂರಕ್ಕಿಂತ ಕಮ್ಮಿ ಹಾಕಿಸ್ಬೇಡಿ, ನಗ್ತಾರೆ." ಯಾರು ನಗ್ತಾರೆ ಅಂತ ಅವನೂ ಹೇಳಲಿಲ್ಲ. ಸಿನಿಮಾ ತೋರಿಸುವವರೇ ಹೇಳುವ ಪ್ರಕಾರ ಫುಲ್ ಎಚ್‌ಡಿಗೆ 5 ಎಂಬಿಪಿಎಸ್ ಸಾಕು, ಅದಕ್ಕಿಂತ ನಿಚ್ಚಳ ಚಿತ್ರದ 4ಕೆಗೆ 15. ನಮ್ಮ ಟಿವಿಗೆ 4ಕೆ ಅಂದರೆ ಏನು ಅಂತಲೇ ಗೊತ್ತಿಲ್ಲ. ಇರುವ ನಾಲ್ವರೂ ಒಂದೇ ಸಲ ಬೇರೆ ಬೇರೆ ಸಿನಿಮಾ ಹಾಕಿಕೊಂಡರೂ 20 ಆಯಿತು. ಮಗಳು ಮಾತ್ರ ಯಾರೂ ಕೇಳದ ಒಂದು ಪ್ರಶ್ನೆ ಕೇಳಿಸಿದಳು. ಮೇಲಕ್ಕೆ ಹೋಗುವ ಸ್ಪೀಡ್ ಎಷ್ಟು? ಅವಳ ಪ್ರಾಜೆಕ್ಟ್ ವಿಡಿಯೋ ಅಪ್‌ಲೋಡ್ ಆಗಬೇಕಲ್ಲ. ಕಂಪನಿಯವರು ಇದನ್ನು ತಾವಾಗಿ ಹೇಳುವುದು ಅಪರೂಪ. ಕೇಳಿದರೆ, "ಅಪ್ಪೂ ಡೌನೂ ಎರಡೂ ಸೇಮ್ ಮೇಡಂ" ಅನ್ನುವವರನ್ನು ಮುಂದಕ್ಕೆ ಇಟ್ಟುಕೊಳ್ಳಿ. "ಚೆಕ್ ಮಾಡಿ ಹೇಳ್ತೀನಿ" ಅಂದವರು ಹೇಳುವುದಿಲ್ಲ.

ಕೊನೆಗೆ 100 ಎಂಬಿಪಿಎಸ್ ಪ್ಲಾನ್ ಒಂದನ್ನು ಯಜಮಾನರು ಡೈರಿಯಲ್ಲಿ ಸುತ್ತು ಹಾಕಿ ಆರಿಸಿದರು. ಎರಡನೇ ಸ್ಥಾನದ ಕಂಪನಿಗೆ ಬರೀ ಎಂಟು ರೂಪಾಯಿಯಲ್ಲಿ ತಪ್ಪಿತ್ತು. ಬುಕ್ ಮಾಡಿದ ಮಾರನೇ ದಿನ ಬೈಕಿನಲ್ಲಿ ಒಬ್ಬ ಹುಡುಗ ಬಂದ. ಭುಜಕ್ಕೆ ಕರಿ ವೈರಿನ ಸುರುಳಿ, ಕೈಯಲ್ಲಿ ಡ್ರಿಲ್ಲಿಂಗ್ ಮಿಷನ್. ನೋಡಿದರೆ ಹಳೇ ನೆಟ್‌ನ ಹುಡುಗನೇ! ಟೀ ಶರ್ಟ್ ಬಣ್ಣ ಮಾತ್ರ ಬೇರೆ.

"ನೀನು ಇಲ್ಲಿಗೆ ಸೇರ್ಕೊಂಡ್ಯಾ?" ಅಂದೆ.

"ಇಲ್ಲ ಆಂಟಿ, ಮೂರಕ್ಕೂ ನಾನೇ. ಕಂಪನಿಯವರು ಏರಿಯಾ ಕಾಂಟ್ರ್ಯಾಕ್ಟ್ ನಮ್ಮಣ್ಣಂಗೆ ಕೊಟ್ಟವ್ರೆ."

ಯಜಮಾನರು ಡೈರಿಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಮೂರು ಕಂಪನಿ, ಒಂಬತ್ತು ಕಾಲಂ, ಒಬ್ಬ ಹುಡುಗ. ಕೆಟ್ಟರೆ ಬರುವವನು ಅವನೇ, ಬಾರದಿದ್ದರೆ ಬಾರದವನೂ ಅವನೇ. ನಾನು ಕಾಫಿ ಕೊಟ್ಟು, ಮೊದಲೇ ಕೇಳಬೇಕಿದ್ದದ್ದನ್ನು ಕೇಳಿದೆ. ಯಾವುದು ಒಳ್ಳೇದಪ್ಪ? ಅವನು ಕಾಫಿ ಹೀರಿ ಕಿಟಕಿಯಿಂದ ಕಂಬ ನೋಡಿದ. "ನಿಮ್ ಬೀದಿಗೆ ಇದೇ ಆಂಟಿ. ಇದರ ಬಾಕ್ಸು ಈ ಕಂಬದಾಗೇ ಐತೆ. ಹಿಂದಿನ ಬೀದಿಯವ್ರು ಕೇಳಿದ್ರೆ ಬೇರೆ ಹೇಳ್ತಿದ್ದೆ." ಯಾವ ಪಾಂಪ್ಲೆಟ್ಟೂ ಇಷ್ಟು ಪ್ರಾಮಾಣಿಕವಾಗಿ ಮಾತಾಡಿದ್ದನ್ನು ನಾನು ಕಂಡಿಲ್ಲ.

"ರೂಟರ್ ಎಲ್ಲಿ ಹಾಕ್ಲಿ?" ಅಂತ ಕೇಳುವಷ್ಟರಲ್ಲಿ ಹಾಲಿನ ಕಿಟಕಿ ಮೂಲೆಯಲ್ಲಿ ತೂತು ಕೊರೆದಾಗಿತ್ತು. ಪಕ್ಕದಲ್ಲೇ ದೇವರ ಗೂಡು. ನಮ್ಮದು ಹಳೇ ಮನೆ, ಅಡುಗೆಮನೆಗೂ ಹಾಲಿಗೂ ನಡುವೆ ಕಲ್ಲಿನ ಗೋಡೆ. ರೂಟರಿನಲ್ಲಿ ಎರಡು ಬಗೆ ವೈಫೈ ಇರುತ್ತೆ. 5 ಗಿಗಾಹರ್ಟ್ಸಿನದು ಜೋರು, ಆದರೆ ಗೋಡೆ ಕಂಡರೆ ಸುಸ್ತಾಗುತ್ತೆ. 2.4ರದ್ದು ನಿಧಾನ, ಆದರೂ ಗೋಡೆ ದಾಟಿ ಹೇಗೋ ಬರುತ್ತೆ. ಹಾಲಿನಲ್ಲಿ ಆರಾಮಕುರ್ಚಿ ಹಾಕಿಕೊಂಡ ಯಜಮಾನರಿಗೆ ತೊಂಬತ್ತು ಚಿಲ್ಲರೆ ಎಂಬಿಪಿಎಸ್ ಬಂತು, ಒಲೆ ಮುಂದೆ ನಿಂತ ನನಗೆ ಆರು. ತಿಪಟೂರಿನ ತಂಗಿ ವಿಡಿಯೋ ಕಾಲ್ ಮಾಡಿದರೆ ಅವಳ ಬಾಯಿ ಒಂದು ಕಡೆ, ಮಾತು ಇನ್ನೊಂದು ಕಡೆ. ಉದ್ದದ ವೈರ್ ಹಾಕಿ ಮನೆ ನಡುವೆ ಇಡು ಅಂದರೆ, "ಅಡುಗೆಮನೇಲಿ ಯಾರ್ ಆಂಟಿ ನೆಟ್ ನೋಡ್ತಾರೆ?" ಅಂದ. ಎರಡನೇ ಕಾಫಿ ಸಿಗುವುದಿಲ್ಲ ಅಂತ ಗೊತ್ತಾದ ಮೇಲೆ ರೂಟರ್ ನಡುಮನೆಗೆ ಬಂತು.

ಆ ದಿನ ರಾತ್ರಿ ಯಜಮಾನರು 1 ಜಿಬಿಯ ಫೈಲ್ ಇಳಿಸಲು ಹಾಕಿ ಗಡಿಯಾರ ಹಿಡಿದು ಕೂತರು. ನೂರರ ಸ್ಪೀಡಿಗೆ ಹತ್ತು ಸೆಕೆಂಡಿನಲ್ಲಿ ಆಗಬೇಕು ಅನ್ನುವುದು ಅವರ ಲೆಕ್ಕ. ಎಂಬತ್ತು ಚಿಲ್ಲರೆ ಸೆಕೆಂಡ್ ಹಿಡಿಯಿತು. ಗ್ರಾಹಕರ ವೇದಿಕೆಗೆ ಅರ್ಜಿ ಬರೆಯಲು ಪೆನ್ನು ಹುಡುಕುತ್ತಿದ್ದವರನ್ನು ಮಗಳು ಕೂರಿಸಿದಳು. ಸ್ಪೀಡು ಹೇಳುವುದು ಬಿಟ್‌ಗಳಲ್ಲಿ, ಫೈಲಿನ ಗಾತ್ರ ಬೈಟ್‌ಗಳಲ್ಲಿ. ಎಂಟರಿಂದ ಭಾಗಿಸಪ್ಪ, ಸೆಕೆಂಡಿಗೆ 12.5 ಎಂಬಿ. ಸರಿಯಾಗೇ ಇದೆ. "ಹಾಗಾದ್ರೆ ಬಿಲ್ಲನ್ನೂ ಎಂಟರಿಂದ ಭಾಗಿಸಲಿ" ಅಂದರು.

ಎಲ್ಲ ಚೆನ್ನಾಗಿ ನಡೆಯುತ್ತಿತ್ತು. ಒಂದು ಶನಿವಾರ ಬೆಳಿಗ್ಗೆ ನೆಟ್ ಹೋಯಿತು. ಯಜಮಾನರು ಕಸ್ಟಮರ್ ಕೇರಿಗೆ ಫೋನ್ ಹಚ್ಚಿ, ಕನ್ನಡಕ್ಕೆ ಎರಡು ಒತ್ತಿ, ಸಂಗೀತ ಕೇಳುತ್ತಾ ಸ್ಪೀಕರ್ ಹಾಕಿ ಸ್ನಾನಕ್ಕೆ ಹೋದರು. ಆ ಕಡೆಯಿಂದ ದನಿ ಬಂದಾಗ ಹತ್ತಿರ ಇದ್ದದ್ದು ಅತ್ತೆ ಒಬ್ಬರೇ.

"ದೀಪ ಉರೀತಾ ಇದೆಯಾ ಮೇಡಂ?"

"ಈಗ ತಾನೇ ಹಚ್ಚಿದೆ ಕಣಮ್ಮ."

"ಯಾವ ಬಣ್ಣ ಇದೆ?"

"ದೀಪ ಯಾವ ಬಣ್ಣ ಇರುತ್ತೆ? ಎರಡು ಬತ್ತಿ ಹಾಕಿದೀನಿ."

"ಒಂದ್ಸಲ ಆರಿಸಿ, ಹತ್ತು ನಿಮಿಷ ಬಿಟ್ಟು ಹಚ್ಚಿ ಮೇಡಂ."

"ಶನಿವಾರದ ದಿನ ದೀಪ ಆರಿಸು ಅಂತೀಯಲ್ಲ, ನಿನಗೆ ಹಿರಿಯರು ಯಾರೂ ಇಲ್ವಾ?"

ಕರೆ ಕಟ್ಟಾಯಿತು. ದೂರಿನ ಡಾಕೆಟ್ ನಂಬರ್ ಸಿಗಲಿಲ್ಲ. ಅದು ಕೈಯಲ್ಲಿದ್ದರೆ, ದೂರು ಬಗೆಹರಿಯದಿದ್ದಾಗ ಕಂಪನಿಯದೇ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಇಲ್ಲದಿದ್ದರೆ ನಾವು ಫೋನೇ ಮಾಡಿಲ್ಲ ಅಂತ ಲೆಕ್ಕ. ನಾನು ಹೋಗಿ ನೋಡಿದರೆ ರೂಟರಿನಲ್ಲಿ ಎಲ್‌ಒಎಸ್ ಅನ್ನುವ ಕಡೆ ಕೆಂಪು ಮಿಣುಕುತ್ತಿತ್ತು. ಅಂದರೆ ಬೆಳಕು ಮನೆಯವರೆಗೆ ಬರುತ್ತಿಲ್ಲ. ಎಷ್ಟು ಸಲ ಆಫ್ ಆನ್ ಮಾಡಿದರೂ ಪ್ರಯೋಜನವಿಲ್ಲ.

ಹುಡುಗನಿಗೆ ನೇರವಾಗಿ ಫೋನ್ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಬಂದ. ಮಹಡಿ ಹತ್ತಿದವನು ಅಲ್ಲಿಂದಲೇ ಕೂಗಿದ, "ಆಂಟೀ, ಮ್ಯಾಲೆ ಬರ್ರಿ." ಹೋಗಿ ನೋಡಿದರೆ, ಕಂಬದಿಂದ ನಮ್ಮ ಮನೆಗೆ ಬರುವ ಫೈಬರ್ ಮೇಲೆ ಎರಡು ಬೆಡ್‌ಶೀಟ್, ಒಂದು ಜಮಖಾನ, ಕ್ಲಿಪ್ ಸಮೇತ. ಮೇಲಿನ ಪೋರ್ಷನ್ನಿನ ಆಂಟಿ ತೊಳೆದು ಹರವಿದ್ದರು. ಒದ್ದೆ ಜಮಖಾನದ ಭಾರಕ್ಕೆ ವೈರ್ ಮೊಳೆಯ ಹತ್ತಿರ ಮಡಿಚಿಕೊಂಡಿತ್ತು. ಗಾಜಿನ ಎಳೆ ತೀರಾ ಬಗ್ಗಿದರೆ ಬೆಳಕು ಅಲ್ಲೇ ಸೋರಿಹೋಗುತ್ತೆ, ಇನ್ನೂ ಬಗ್ಗಿದರೆ ಎಳೆಯೇ ಮುರಿಯುತ್ತೆ. ನಮ್ಮದು ಮುರಿದಿತ್ತು.

"ನಿಮ್ಮ ವೈರಾ ಅದು? ಹೊಸದಾಗಿ ತಂತಿ ಕಟ್ಟಿಸಿಕೊಟ್ಟಿದ್ದೀರಿ, ಎಷ್ಟು ಒಳ್ಳೇವ್ರು ಅಂದ್ಕೊಂಡಿದ್ದೆ" ಅಂದರು ಆಂಟಿ. ಏನು ಹೇಳಲಿ? ಹುಡುಗ ಹೊಸ ಎಳೆ ಎಳೆದು, ಮೆಷಿನ್ನಿನಲ್ಲಿ ಜೋಡಿಸಿ, ಈ ಸಲ ಎತ್ತರಕ್ಕೆ ಕಟ್ಟಿದ. ಮುರಿದ ತುಂಡನ್ನು ಆಂಟಿ ಕೇಳಿ ಇಸ್ಕೊಂಡರು.

ಈಗ ಆರು ತಿಂಗಳು ಮುಗಿಯುತ್ತಾ ಬಂತು. ಮೈದುನ ಮತ್ತೆ ಫೋನ್ ಮಾಡಿದ್ದ. ಮಹಡಿ ಮೇಲೆ ಒಂದು ಡಬ್ಬಿ ಇಟ್ಟರೆ 5ಜಿಯಲ್ಲೇ ಮನೆಗೆಲ್ಲ ನೆಟ್ ಬರುತ್ತಂತೆ, ಕಂಬ ಬೇಡ, ವೈರ್ ಬೇಡ. ಯಜಮಾನರು ಡೈರಿಯಲ್ಲಿ ಹತ್ತನೇ ಕಾಲಂ ಹಾಕಿದ್ದಾರೆ. ಸುದ್ದಿ ಮೇಲಕ್ಕೂ ಹೋಯಿತು. ಆಂಟಿ ಸಂಜೆಯೇ ಇಳಿದು ಬಂದು ಬಾಗಿಲಲ್ಲಿ ನಿಂತರು.

"ವೈರ್ ಇಲ್ದಿರೋದು ಹಾಕಿಸ್ತೀರಂತೆ. ಆ ಡಬ್ಬಿ ಎಲ್ಲಾದ್ರೂ ಇಟ್ಕೊಳ್ಳಿ ಕಣ್ರೀ, ಈಗಿರೋದನ್ನ ಬಿಚ್ಚಿಸೋಕೆ ಮಾತ್ರ ಹೋಗ್ಬೇಡಿ. ಎತ್ತರ ಆಯ್ತು ನಿಜ, ಸ್ಟೂಲ್ ತಂದಿದೀನಿ."