ಸ್ಪಷ್ಟನೆ: ಎರಡು ಬಾಲ ಇದ್ದ ಮಾತ್ರಕ್ಕೆ ಸ್ಟೋನ್‌ಫ್ಲೈ ಅಲ್ಲ

"ತೊರೆಯ ಕಲ್ಲಿನಡಿ ಸಿಗುವ ಮರಿಹುಳಕ್ಕೆ ಎರಡು ಬಾಲ ಇದ್ದರೆ ಸ್ಟೋನ್‌ಫ್ಲೈ, ಮೂರಿದ್ದರೆ ಮೇಫ್ಲೈ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಸ್ಟೋನ್‌ಫ್ಲೈ, ಮೇಫ್ಲೈ ಎರಡೂ ಮರಿಯಾಗಿ ನೀರಲ್ಲಿ ಬೆಳೆದು, ದೊಡ್ಡದಾದ ಮೇಲೆ ರೆಕ್ಕೆ ಬರುವ ಕೀಟಗಳು. ಆ ಸಂದೇಶ ಅರ್ಧ ಮಾತ್ರ ನಿಜ. ಸ್ಟೋನ್‌ಫ್ಲೈ ಮರಿಗೆ ಎರಡೇ ಬಾಲ, ಸರಿ. ಆದರೆ ಹಿಮಾಲಯದ ತಣ್ಣನೆಯ ತೊರೆಗಳಲ್ಲೂ ನಮ್ಮ ಪಶ್ಚಿಮ ಘಟ್ಟದಲ್ಲೂ ಇರುವ ಎಪಿಯೋರಸ್ ಎಂಬ ಮೇಫ್ಲೈ ಮರಿಗೂ ಎರಡೇ. ಮೂರು ಬಾಲದ್ದರಲ್ಲಿ ಒಂದು ಮುರಿದು ಹೋಗಿರಲೂಬಹುದು ಅಲ್ವಾ?

ಬಾಲ ಬಿಟ್ಟು ಕಾಲು ನೋಡಿ. ಒಂದು ಭೂತಗನ್ನಡಿ ಸಾಕು. ಸ್ಟೋನ್‌ಫ್ಲೈ ಮರಿಯ ಪ್ರತಿ ಕಾಲಿನ ತುದಿಯಲ್ಲಿ ಎರಡು ಉಗುರು, ಮೇಫ್ಲೈ ಮರಿಗೆ ಒಂದೇ. ಆಮೇಲೆ ಕಿವಿರು. ಹೊಟ್ಟೆಯ ಎರಡೂ ಬದಿ ಸಾಲಾಗಿದ್ದರೆ ಮೇಫ್ಲೈ. ಘಟ್ಟದಲ್ಲಿ ಸಿಗುವ ನಿಯೋಪರ್ಲಾ ಎಂಬ ಸ್ಟೋನ್‌ಫ್ಲೈಗೆ ಅದು ಎದೆಯ ಕೆಳಗೆ, ಕಾಲಿನ ಬುಡದಲ್ಲಿ, ನೂಲಿನ ಕುಚ್ಚಿನ ಹಾಗೆ ಇರುತ್ತದೆ. ಸಣ್ಣ ಜಾತಿಗಳಲ್ಲಿ ಎಷ್ಟೋ ಸಲ ಕಿವಿರೇ ಕಾಣುವುದಿಲ್ಲ, ಹಾಗಾಗಿ ಉಗುರನ್ನೇ ಜಾಸ್ತಿ ನಂಬಿ. ನೋಡಿದ ಮೇಲೆ ಬೇಗ ಅದೇ ನೀರಿಗೆ ಬಿಡಿ, ಪಾಪ, ತಟ್ಟೆಯ ನೀರು ಬೆಚ್ಚಗಾದರೆ ಅದಕ್ಕೆ ಉಸಿರು ಕಟ್ಟುತ್ತದೆ.

ರೆಕ್ಕೆ ಬಂದ ಮೇಲಂತೂ ಬಾಲದ ಲೆಕ್ಕ ಪೂರ್ತಿ ಕೈಕೊಡುತ್ತದೆ. ಹಿಮಾಲಯದ ನೆಮೂರಿಡೇ, ಲ್ಯೂಕ್ಟ್ರಿಡೇ ಕುಟುಂಬಗಳ ಪುಟ್ಟ ಸ್ಟೋನ್‌ಫ್ಲೈಗಳಿಗೆ ಆಗ ಬಾಲ ಇದ್ದೂ ಇಲ್ಲದಷ್ಟು ಗಿಡ್ಡ. ಲ್ಯೂಕ್ಟ್ರಿಡೇ ಹುಳಗಳು ರೆಕ್ಕೆಯನ್ನು ಮೈಸುತ್ತ ಸುತ್ತಿಕೊಳ್ಳುತ್ತವೆ, ನೆಮೂರಿಡೇ ಹುಳಗಳು ಬೆನ್ನ ಮೇಲೆ ಚಪ್ಪಟೆಯಾಗಿ ಮಡಿಸುತ್ತವೆ. ಸುಮ್ನೆ ಫೋಟೋ ನೋಡಿ ಜಾತಿಯ ಹೆಸರು ಹೇಳಬೇಡಿ. ಅದಕ್ಕೆ ಸಾಮಾನ್ಯವಾಗಿ ಗಂಡು ಹುಳದ ಹೊಟ್ಟೆಯ ತುದಿಯನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಬೇಕಾಗುತ್ತದೆ.