ಹನ್ನೊಂದು ಗಂಟೆಯ ಮನೆಗಳು

ಬಾಡಿಗೆಗೆ ಹಿಡಿಯಬೇಕೆಂದಿರುವ ಮನೆಯನ್ನು ರಾತ್ರಿ ಒಂಬತ್ತರ ಮೇಲೆ ಒಮ್ಮೆ ನೋಡಬೇಕೆಂದು ಕೇಳುವುದು ಇಷ್ಟು ದೊಡ್ಡ ಅಪರಾಧವೆಂದು ಇವತ್ತಿನವರೆಗೆ ನನಗೆ ತಿಳಿದಿರಲಿಲ್ಲ. ಬ್ರೋಕರ್ ಮಹಾಶಯರು ನನ್ನ ಕೋರಿಕೆಯನ್ನು ಕೇಳಿದ ಕೂಡಲೇ ಬೀಗದ ಕೈಯನ್ನು ಜೇಬಿಗೆ ಇಳಿಸಿಕೊಂಡು, “ರಾತ್ರಿ ಹೊತ್ತು ಮನೆ ನೋಡೋರು ಯಾರೂ ಇಲ್ಲ ಮೇಡಂ, ಓನರ್ ಬೇರೆ ಏನಾದ್ರೂ ಅಂದ್ಕೋತಾರೆ” ಎಂದರು. ಏನೆಂದುಕೊಳ್ಳುತ್ತಾರೆ? ನಡುವಯಸ್ಸಿನ ಹೆಂಗಸೊಬ್ಬಳು ತನ್ನ ಅಮ್ಮನ ಕೈಹಿಡಿದುಕೊಂಡು ಬಂದು ಖಾಲಿ ಮನೆಯ ಗೋಡೆಗಳನ್ನು ಕದ್ದೊಯ್ಯುತ್ತಾಳೆಂದೇ? ಕೇಳಿಯೇ ಬಿಟ್ಟೆ. ಅದಕ್ಕೆ ಉತ್ತರ ಬರಲಿಲ್ಲ. “ನಾಳೆ ಹನ್ನೊಂದಕ್ಕೆ ಇನ್ನೊಂದು ತೋರಿಸ್ತೀನಿ” ಎಂಬ ಆಶ್ವಾಸನೆ ಮಾತ್ರ ಬಂತು.

ನನಗೆ ವರ್ಗವಾಗಿರುವುದು, ಮುಂದಿನ ತಿಂಗಳು ಹೊಸ ಊರಿನಲ್ಲಿ ಕೆಲಸಕ್ಕೆ ಹಾಜರಾಗಬೇಕಿರುವುದು, ಅಮ್ಮ ಜೊತೆಗೆ ಬರುತ್ತಿರುವುದು ಇಲ್ಲಿರುವ ಬಹುತೇಕ ಸ್ನೇಹಿತರಿಗೆ ಗೊತ್ತಿದೆ. ಆ ಪುರಾಣವನ್ನು ಮತ್ತೆ ಬಿಚ್ಚುವುದಿಲ್ಲ. ರಜೆ ಹಾಕಿಕೊಂಡು ಆ ಊರಿನ ಹೊರವಲಯದ ಬಡಾವಣೆಗಳನ್ನು ಸುತ್ತುತ್ತಿದ್ದೇನೆ. ಬಡಾವಣೆ ಬೇರೆ, ಬ್ರೋಕರ್ ಬೇರೆ, ಮನೆಯ ಒಡೆಯರು ಬೇರೆ. ಆದರೆ ಮನೆ ತೋರಿಸುವ ಹೊತ್ತು ಮಾತ್ರ ಎಲ್ಲೆಡೆಯೂ ಒಂದೇ. ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಒಂದರೊಳಗೆ. ಕೆಲಸಕ್ಕೆ ಹೋಗುವವರು ಹೋಗಿ, ಶಾಲೆಯ ಮಕ್ಕಳು ಶಾಲೆ ಸೇರಿ, ನಲ್ಲಿಗಳೆಲ್ಲ ಸುಮ್ಮನಾಗಿ, ರಸ್ತೆ ಉಸಿರು ಬಿಡುವ ಹೊತ್ತು ಅದು. ಆ ಎರಡು ಗಂಟೆಗಳಲ್ಲಿ ಯಾವ ಬಡಾವಣೆಯೂ ಪ್ರಶಾಂತವಾಗಿರುತ್ತದೆ, ಯಾವ ಮನೆಯೂ ಬೆಳಕಿನಿಂದ ತುಂಬಿರುತ್ತದೆ. ವಿಚಿತ್ರವೆಂದರೆ, ದುಡಿಯುವ ಯಾವ ಬಾಡಿಗೆದಾರರೂ ವಾರದ ಐದಾರು ದಿನ ಆ ಹೊತ್ತಿನಲ್ಲಿ ಮನೆಯಲ್ಲಿ ಇರುವುದೇ ಇಲ್ಲ. ನಾವಿಲ್ಲದ ಹೊತ್ತಿನ ಮನೆಯನ್ನು ನಮಗೆ ತೋರಿಸಿ, ನಾವಿರುವ ಹೊತ್ತಿನ ಮನೆಗೆ ಬಾಡಿಗೆ ವಸೂಲು ಮಾಡುತ್ತಾರೆ.

ಒಡೆಯರ ಕಡೆಯ ವಿಚಾರಣೆಗಾದರೋ ಹೊತ್ತುಗೊತ್ತಿನ ಮಿತಿಯಿಲ್ಲ. ಸಂಬಳದ ಚೀಟಿ ಬೇಕು, ಗುರುತಿನ ಚೀಟಿ ಬೇಕು, ಹಿಂದಿನ ಮನೆಯೊಡೆಯರ ಫೋನ್ ನಂಬರ್ ಬೇಕು, ಎಷ್ಟು ಜನ ಇರುತ್ತೀರಿ, ಯಾರು ಬಂದುಹೋಗುತ್ತಾರೆ, ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರುತ್ತೀರಿ ಎಂಬುದೆಲ್ಲ ಬೇಕು. ನನ್ನ ರಾತ್ರಿಗಳ ವರದಿಯನ್ನು ಕೇಳುವವರು ತಮ್ಮ ಮನೆಯ ಒಂದು ರಾತ್ರಿಯನ್ನು ತೋರಿಸಲು ಮಾತ್ರ ಒಪ್ಪುವುದಿಲ್ಲ. ಅಂಗಡಿಯಲ್ಲಿ ಚಪ್ಪಲಿ ಕೊಳ್ಳುವಾಗಲೂ ಮೆಟ್ಟಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡಲು ಬಿಡುತ್ತಾರಲ್ಲ! (ಫೋಟೋಗಳ ವಿಷಯವನ್ನು ನಾನು ಎತ್ತುವುದೇ ಇಲ್ಲ. ಫೋನುಗಳಲ್ಲಿ ಅಲ್ಟ್ರಾವೈಡ್ ಲೆನ್ಸ್ ಬಂದ ಮೇಲೆ ಎರಡು ಮಂಚ ಹಿಡಿಸದ ಕೋಣೆಗಳೆಲ್ಲ ಸಭಾಂಗಣಗಳಾಗಿವೆ. ಆ ಫೋಟೋಗಳನ್ನೂ ಹನ್ನೊಂದು ಗಂಟೆಗೇ ತೆಗೆದಿರುತ್ತಾರೆ.)

ಮೊದಲು ರಸ್ತೆಯ ವಿಷಯ. “ಆಫೀಸಿಗೆ ಇಪ್ಪತ್ತೇ ನಿಮಿಷ ಮೇಡಂ” ಎಂದು ಬ್ರೋಕರ್ ಹೇಳುವುದು ಸುಳ್ಳಲ್ಲ. ಅವರು ನನ್ನನ್ನು ಹನ್ನೊಂದಕ್ಕೆ ಕರೆದೊಯ್ದಾಗ ಇಪ್ಪತ್ತೇ ನಿಮಿಷ ಹಿಡಿಯಿತು. ಸಂಚಾರ ಎಂಜಿನಿಯರುಗಳು ಇಂದಿಗೂ ಬಳಸುವ ಹಳೆಯ ಸೂತ್ರವೊಂದಿದೆ. ಅಮೆರಿಕದ ಬ್ಯೂರೋ ಆಫ್ ಪಬ್ಲಿಕ್ ರೋಡ್ಸ್ 1964ರಲ್ಲಿ ಕೊಟ್ಟದ್ದು. ಅದರ ಲೆಕ್ಕದಲ್ಲಿ, ರಸ್ತೆ ತಾಳುವ ವಾಹನಗಳಲ್ಲಿ ಅರ್ಧದಷ್ಟು ಮಾತ್ರ ಓಡಾಡುತ್ತಿದ್ದರೆ ಪ್ರಯಾಣದ ಸಮಯ ಖಾಲಿ ರಸ್ತೆಗಿಂತ ಶೇಕಡ 1ರಷ್ಟೂ ಹೆಚ್ಚುವುದಿಲ್ಲ. ರಸ್ತೆ ತುಂಬಿದಾಗ ಶೇಕಡ 15ರಷ್ಟು ಹೆಚ್ಚುತ್ತದೆ. ತಾಳುವುದರ ಒಂದೂವರೆ ಪಟ್ಟು ವಾಹನಗಳು ಬಂದು ಬಿದ್ದರೆ ಹೆಚ್ಚಳ ಶೇಕಡ 76ಕ್ಕೆ ಜಿಗಿಯುತ್ತದೆ. ಓಡಾಡುವ ವಾಹನಗಳಿಗೂ ರಸ್ತೆ ತಾಳುವ ವಾಹನಗಳಿಗೂ ಇರುವ ಅನುಪಾತದ ನಾಲ್ಕನೆಯ ಘಾತಕ್ಕೆ (ಅದನ್ನು ಅದರಿಂದಲೇ ಗುಣಿಸುತ್ತಾ ನಾಲ್ಕು ಸಲ ಬರೆದಷ್ಟಕ್ಕೆ) ತಕ್ಕಂತೆ ವಿಳಂಬ ಏರುವುದರಿಂದ ಹೀಗೆ. ಅಂದರೆ ಹನ್ನೊಂದು ಗಂಟೆಯ ರಸ್ತೆಯನ್ನು ನೋಡಿ ಒಂಬತ್ತು ಗಂಟೆಯ ರಸ್ತೆಯನ್ನು ಊಹಿಸಲು ಯಾರಿಗೂ ಸಾಧ್ಯವಿಲ್ಲ. ಬ್ರೋಕರರ ಇಪ್ಪತ್ತು ನಿಮಿಷ ಸೂತ್ರದ ಲೆಕ್ಕದಲ್ಲೇ ಮೂವತ್ತೈದಾಗುತ್ತದೆ. ಬಸ್ಸಿಗಾಗಿ ನಿಲ್ಲುವ ಹೊತ್ತು, ನಿಲ್ದಾಣದಿಂದ ನಡೆಯುವ ಹೊತ್ತು ಇದರಲ್ಲಿ ಸೇರಿಲ್ಲ. ಮನುಷ್ಯರು ಯಾವ ಕಾಲದಲ್ಲಿಯೂ ದಿನಕ್ಕೆ ಸುಮಾರು ಒಂದು ಗಂಟೆಯನ್ನು ಓಡಾಟಕ್ಕೆ ಮೀಸಲಿಡುತ್ತಾರೆಂದು ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರ ಪ್ರಬಂಧವೊಂದರಲ್ಲಿ ವಾದಿಸಿದ್ದರು. ನನ್ನ ಆ ಒಂದು ಗಂಟೆ ಹೋಗುವಾಗಲೇ ಮುಗಿದುಹೋಗುವಂತಿದೆ. ಬರುವುದಕ್ಕೆ ಯಾರಲ್ಲಿ ಸಾಲ ಕೇಳಲಿ?

ಇನ್ನು ನೀರು. ಮೇಲಿನ ಅಂತಸ್ತಿನ ಮನೆಯೊಂದನ್ನು ತೋರಿಸುತ್ತಾ ಬ್ರೋಕರ್ ಬಚ್ಚಲಿನ ನಲ್ಲಿಯನ್ನು ತಿರುಗಿಸಿ, “ಟ್ಯಾಂಕ್ ತಲೆ ಮೇಲೇ ಇದೆ, ನೀರಿಗೆ ಯೋಚನೆನೇ ಬೇಡ” ಎಂದರು. ಯೋಚನೆ ಶುರುವಾಗುವುದೇ ಅಲ್ಲಿಂದ. ನೀರಿನ ಮಟ್ಟ ನಲ್ಲಿಗಿಂತ ಹತ್ತು ಮೀಟರು ಮೇಲಿದ್ದರೆ ಸಿಗುವ ಒತ್ತಡ, ಅದನ್ನು ಅಳೆಯುವ ಬಾರ್ ಎಂಬ ಮಾನದಲ್ಲಿ, ಸುಮಾರು ಒಂದು. ತಲೆಯ ಮೇಲೇ ಇರುವ ಟ್ಯಾಂಕಿಗೂ ಷವರಿಗೂ ನಡುವೆ ಇರುವುದು ಎರಡೋ ಮೂರೋ ಮೀಟರು, ಅಂದರೆ ಒತ್ತಡ ಅದರ ಕಾಲು ಭಾಗದಷ್ಟು. ಆದ್ದರಿಂದ ಪಂಪ್ ಇಲ್ಲದ ಕಟ್ಟಡದಲ್ಲಿ ಅತ್ಯಂತ ದುರ್ಬಲವಾದ ಧಾರೆ ಸಿಗುವುದು ಟ್ಯಾಂಕಿಗೆ ಅತ್ಯಂತ ಹತ್ತಿರದ ಮನೆಗೆ. ಹನ್ನೊಂದು ಗಂಟೆಗೆ ಇದು ಗೊತ್ತಾಗುವುದಿಲ್ಲ, ಏಕೆಂದರೆ ಆಗ ಇಡೀ ಕಟ್ಟಡದಲ್ಲಿ ತೆರೆದಿರುವ ನಲ್ಲಿ ಬ್ರೋಕರ್ ತಿರುಗಿಸಿದ ಅದೊಂದೇ. ಬೆಳಿಗ್ಗೆ ಏಳಕ್ಕೆ ಕೆಳಗಿನ ಅಂತಸ್ತುಗಳ ನಲ್ಲಿಗಳೆಲ್ಲ ಒಂದೇ ಕೊಳವೆಯಿಂದ ಎಳೆದುಕೊಳ್ಳುವಾಗ ಮೇಲಿನ ಷವರಿನಲ್ಲಿ ಏನು ಉಳಿಯುತ್ತದೆಂಬುದನ್ನು ನೋಡಬೇಕಾದರೆ ಏಳಕ್ಕೇ ಹೋಗಬೇಕು. “ಏಳಕ್ಕಾ?” ಎಂದು ಬ್ರೋಕರ್ ಕೇಳಿದ ದನಿಯಲ್ಲಿ, ನಾನು ಅವರ ಮನೆಗೇ ಸ್ನಾನಕ್ಕೆ ಬರುತ್ತೇನೆಂದು ಹೇಳಿದಷ್ಟು ಗಾಬರಿಯಿತ್ತು.

ಗೋಡೆಗಳೂ ಹೀಗೆಯೇ. ನೆಲ ಅಂತಸ್ತಿನ ಇನ್ನೊಂದು ಮನೆಯಲ್ಲಿ ಅಮ್ಮನಿಗೆಂದು ನೋಡಿದ ಮಲಗುವ ಕೋಣೆಯ ಹೊರಗೋಡೆ ಪಶ್ಚಿಮಕ್ಕಿತ್ತು. ಅಂಗೈಯಿಟ್ಟು ನೋಡಿದೆ, ತಣ್ಣಗಿತ್ತು. ಇರಲೇಬೇಕು, ಸೂರ್ಯ ಇನ್ನೂ ಆ ಕಡೆಗೆ ಹೊರಳಿರಲಿಲ್ಲ. ಇಟ್ಟಿಗೆ ಮತ್ತು ಕಾಂಕ್ರೀಟು ಮಧ್ಯಾಹ್ನದ ಬಿಸಿಲನ್ನು ಕುಡಿದು, ಹಲವು ಗಂಟೆಗಳ ನಂತರ, ಸರಿಯಾಗಿ ನಾವು ಮಲಗುವ ಹೊತ್ತಿಗೆ ಅದನ್ನು ಕೋಣೆಯೊಳಕ್ಕೆ ಬಿಡುತ್ತವೆ. ಆ ಗೋಡೆಯ ಗುಣವನ್ನು ತಿಳಿಯಲು ರಾತ್ರಿ ಹತ್ತಕ್ಕೆ ಅದರ ಮೇಲೆ ಒಂದು ನಿಮಿಷ ಕೈಯಿಟ್ಟರೆ ಸಾಕು. ಅದೇ ಗೋಡೆಯ ಕೆಳಭಾಗದಲ್ಲಿ, ನೆಲದಿಂದ ಸೊಂಟದೆತ್ತರದವರೆಗೆ ಮಾತ್ರ, ಹೊಸ ಬಣ್ಣ ಬಳಿದಿತ್ತು. ನೆಲದ ತೇವ ಗೋಡೆಯಲ್ಲಿ ಏರುವುದು ಸಾಮಾನ್ಯವಾಗಿ ಅಷ್ಟೇ ಎತ್ತರಕ್ಕೆ ಎಂಬುದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮಳೆಗಾಲದಲ್ಲೊಮ್ಮೆ ಬಂದು ನೋಡಬಹುದೇ ಎಂದು ಕೇಳುವಷ್ಟು ಕೆಣಕುವ ಮನಸ್ಸಾದದ್ದು ನಿಜ.

ಶಬ್ದದ ವಿಷಯಕ್ಕೆ ಬಂದರೆ ನನ್ನ ತಾಳ್ಮೆ ಪೂರ್ತಿ ಕೈಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ರಸ್ತೆ ಸಂಚಾರದ ಶಬ್ದಕ್ಕೆ ಎರಡು ಬೇರೆ ಬೇರೆ ಮಿತಿಗಳಿವೆ: ಇಡೀ ದಿನದ ಸರಾಸರಿಗೆ 53 ಡೆಸಿಬೆಲ್, ರಾತ್ರಿಗೆ 45. ವಿಮಾನಗಳ ಶಬ್ದಕ್ಕೆ ಮಿತಿ ಇನ್ನೂ ಬಿಗಿ, 45 ಮತ್ತು 40. ಡೆಸಿಬೆಲ್ ಲೆಕ್ಕದಲ್ಲಿ ಹತ್ತು ಹೆಚ್ಚಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆಂಬುದನ್ನು ನೆನಪಿಟ್ಟುಕೊಂಡರೆ ಇಡೀ ದಿನದ ಮಿತಿಗೂ ರಾತ್ರಿಯ ಮಿತಿಗೂ ನಡುವಿನ ಈ ಅಂತರ ಸಣ್ಣದಲ್ಲವೆಂದು ತಿಳಿಯುತ್ತದೆ. ರಾತ್ರಿಯ ಕಿವಿಯೇ ಬೇರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಗೆ ಗೊತ್ತು, ಬ್ರೋಕರಿಗೆ ಮಾತ್ರ ಗೊತ್ತಿಲ್ಲ. ಹೊರವಲಯಕ್ಕೆ ಇನ್ನೊಂದು ವಿಶೇಷವೂ ಇದೆ. ಹಲವು ನಗರಗಳಲ್ಲಿ ಭಾರಿ ಲಾರಿಗಳಿಗೆ ಹಗಲು ಪ್ರವೇಶವಿರುವುದಿಲ್ಲ. ಅವು ಊರಿನ ಅಂಚಿನಲ್ಲಿ ಕತ್ತಲಾಗುವವರೆಗೆ ಕಾದಿದ್ದು ಬಳಿಕ ಸಾಲುಗಟ್ಟಿ ಹೊರಡುತ್ತವೆ. ಹಗಲು ಹಕ್ಕಿಯ ದನಿ ಕೇಳುವ “ಪ್ರಶಾಂತ ಬಡಾವಣೆ”ಗೆ ಲಾರಿಗಳ ಗೇರು ಬದಲಿಸುವ ಸದ್ದು ಶುರುವಾಗುವುದು ಬ್ರೋಕರ್ ತಮ್ಮ ಮನೆ ಸೇರಿ ಮಲಗಿದ ಮೇಲೆ.

ಇಲ್ಲೊಂದು ಮಾತನ್ನು ಹೇಳಿಕೊಂಡುಬಿಡುತ್ತೇನೆ. ಈ ವರ್ಗಾವಣೆ ನಾನು ಕೇಳಿ ಪಡೆದದ್ದಲ್ಲ. ಅಮ್ಮನ ಮುಂದೆ ಬಹಳ ಉತ್ಸಾಹದಿಂದ ಮಾತನಾಡುತ್ತಿದ್ದೇನೆ, ಆದರೆ ಹೊಸ ಊರಿನ ಮೊದಲ ರಾತ್ರಿಯನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನನ್ನ ನಿದ್ದೆ ಮೊದಲೇ ತೆಳು. ನಿದ್ದೆಗೆಟ್ಟ ಮರುದಿನ ನಾನು ಹೇಗಿರುತ್ತೇನೆಂಬುದಕ್ಕೆ ಇಲ್ಲಿ ನನ್ನ ಸ್ನೇಹಿತರ ಪಟ್ಟಿಯಲ್ಲಿರುವ ಸಹೋದ್ಯೋಗಿಗಳೇ ಸಾಕ್ಷಿ. ಹಾಗಾಗಿ ನನ್ನ ಕೋಪದ ಅರ್ಧ ಭಾಗ ಈ ಭಯದ್ದೇ ಇರಬಹುದು. ಉಳಿದರ್ಧಕ್ಕೆ ಬ್ರೋಕರರೇ ಹೊಣೆ, ಅದರಲ್ಲಿ ರಿಯಾಯಿತಿ ಇಲ್ಲ.

ಅವರ ಪರವಾಗಿ ವಾದಿಸುವವರು ನಮ್ಮ ಮನೆಯಲ್ಲಿಯೇ ಇದ್ದಾರೆ. ನನ್ನ ತಮ್ಮ ಹೇಳುವುದೇನೆಂದರೆ, ಈಗಿರುವ ಬಾಡಿಗೆದಾರರು ಊಟ ಮಾಡಿ ಮಲಗುವ ಹೊತ್ತಿಗೆ ಅಪರಿಚಿತರನ್ನು ಒಳಗೆ ಬಿಡುವುದು ಹೇಗೆ, ಅವರಿಗೂ ಒಂದು ಖಾಸಗಿತನವಿಲ್ಲವೇ. ಇದೆ, ಖಂಡಿತ ಇದೆ. ಆದರೆ ನಾನು ರಾತ್ರಿ ನೋಡಬೇಕೆಂದು ಕೇಳಿದ ಮನೆಗಳೆಲ್ಲ ಖಾಲಿಯಾಗಿ ಬೀಗ ಹಾಕಿಕೊಂಡಿದ್ದಂಥವು. ಯಾರ ಖಾಸಗಿತನ, ಜಿರಳೆಗಳದ್ದೇ? ಬ್ರೋಕರಿಗೂ ಸಂಸಾರವಿದೆ, ರಾತ್ರಿ ಹತ್ತಕ್ಕೆ ಅವರನ್ನು ಓಡಾಡಿಸಬೇಕೇ ಎಂಬುದು ತಮ್ಮನ ಎರಡನೆಯ ವಾದ. ಇಡೀ ತಿಂಗಳ ಬಾಡಿಗೆಯಷ್ಟನ್ನು ದಲ್ಲಾಳಿ ಹಣವೆಂದು ಎಣಿಸಿಕೊಳ್ಳುವವರು ಒಂದು ರಾತ್ರಿ ಅರ್ಧ ಗಂಟೆ ಕೊಟ್ಟರೆ ಸಂಸಾರವೇನೂ ಮುಳುಗುವುದಿಲ್ಲ. “ಬಾಡಿಗೆ ಮನೆ ತಾನೆ ಅಕ್ಕಾ, ಸರಿಹೋಗದಿದ್ದರೆ ಬಿಟ್ಟು ಬೇರೆ ಹಿಡಿದರಾಯಿತು” ಎಂಬ ಮೂರನೆಯ ವಾದಕ್ಕೆ ನಾನು ಉತ್ತರವನ್ನೇ ಕೊಡಲಿಲ್ಲ. ಕರಾರಿನ ಅವಧಿಗೆ ಮುಂಚೆ ಬಿಟ್ಟರೆ ಮುಂಗಡ ಹಣ ಏನಾಗುತ್ತದೆ, ಮಂಡಿನೋವಿನ ಅಮ್ಮನನ್ನು ಕೂರಿಸಿಕೊಂಡು ಮತ್ತೆ ಡಬ್ಬಗಳನ್ನು ಕಟ್ಟುವುದೆಂದರೇನು ಎಂಬುದು ಸ್ವಂತ ಮನೆಯಲ್ಲಿ ಕಾಲು ಚಾಚಿಕೊಂಡಿರುವವರಿಗೆ ಅರ್ಥವಾಗುವ ವಿಷಯವಲ್ಲ. (ತಮ್ಮಾ, ನೀನು ಇದನ್ನು ಓದುತ್ತೀಯೆಂದು ಗೊತ್ತು.)

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಸಮಾಧಾನವೆಂದರೆ ಹೊರವಲಯದಲ್ಲಿ ಬಾಡಿಗೆ ಕಡಿಮೆಯಲ್ಲವೇ, ದೂರವನ್ನು ಅದು ಸರಿದೂಗಿಸುತ್ತದೆ ಎಂಬುದು. ಅರ್ಥಶಾಸ್ತ್ರಜ್ಞರೂ ಬಹುಕಾಲ ಇದನ್ನೇ ಹೇಳಿದರು. ನಗರದ ಕೇಂದ್ರದಿಂದ ದೂರ ಹೋದಂತೆ ಬಾಡಿಗೆ ಇಳಿಯುವುದನ್ನು ಪ್ರಯಾಣದ ಖರ್ಚಿನೊಂದಿಗೆ ತೂಗಿ ನೋಡುವ ಮಾದರಿಯನ್ನು ವಿಲಿಯಂ ಅಲೊನ್ಸೊ 1964ರಲ್ಲಿ ಮಂಡಿಸಿದರು. ಲೆಕ್ಕ ಕಾಗದದ ಮೇಲೆ ಚೊಕ್ಕವಾಗಿದೆ. ಆದರೆ ಅಲೋಯಿಸ್ ಸ್ಟುಟ್ಸರ್ ಮತ್ತು ಬ್ರೂನೋ ಫ್ರೈ ಎಂಬ ಅರ್ಥಶಾಸ್ತ್ರಜ್ಞರು ಜರ್ಮನಿಯ ಮಾಹಿತಿಯನ್ನು ಜಾಲಾಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆಯದೇ ಚಿತ್ರ ಕಂಡಿತು: ಕೆಲಸಕ್ಕೆ ಹೆಚ್ಚು ಹೊತ್ತು ಪ್ರಯಾಣಿಸುವವರಿಗೆ ಅಗ್ಗದ ಮನೆಯಿಂದಾಗಲಿ ಹೆಚ್ಚಿನ ಸಂಬಳದಿಂದಾಗಲಿ ಆ ನಷ್ಟ ಪೂರ್ತಿ ತುಂಬಿಬಂದಿರಲಿಲ್ಲ, ಬದುಕಿನ ಬಗ್ಗೆ ಅವರ ತೃಪ್ತಿ ಕಡಿಮೆಯೇ ಇತ್ತು. ಕಾರಣಗಳು ಹಲವಿರಬಹುದು. ನನಗೆ ತೋರುವ ಒಂದು ಕಾರಣ ಬಹಳ ಸರಳವಾದದ್ದು. ಚೌಕಾಸಿ ನ್ಯಾಯವಾಗಿರಬೇಕಾದರೆ ಇಬ್ಬರಿಗೂ ಸರಕಿನ ಗುಣ ಗೊತ್ತಿರಬೇಕು. ಇಪ್ಪತ್ತು ನಿಮಿಷವೆಂದು ನಂಬಿ ಇಪ್ಪತ್ತು ನಿಮಿಷದ ಬಾಡಿಗೆಗೆ ಒಪ್ಪಿದವಳು ದಿನಾಲೂ ಐವತ್ತು ನಿಮಿಷ ಬಸ್ಸಿನಲ್ಲಿ ನಿಂತರೆ, ಆ ಮೂವತ್ತು ನಿಮಿಷಗಳ ಬೆಲೆ ಬಾಡಿಗೆಯಲ್ಲಿ ಇಳಿದಿರುವುದಿಲ್ಲ. ಒಡೆಯರಿಗೆ ಅದು ಮೊದಲೇ ಗೊತ್ತಿತ್ತು. ಅವಳಿಗೆ ಹನ್ನೊಂದು ಗಂಟೆಯನ್ನು ಮಾತ್ರ ತೋರಿಸಲಾಗಿತ್ತು.

ಹಾಗಾಗಿ ನಾಳೆ ಬ್ರೋಕರ್ ಕರೆದರೂ ಹನ್ನೊಂದಕ್ಕೆ ಹೋಗುವುದಿಲ್ಲವೆಂದು ತೀರ್ಮಾನಿಸಿದ್ದೇನೆ. ರಸ್ತೆ, ಬಸ್ಸು, ಲಾರಿ, ಬೀದಿದೀಪ ಇವುಗಳನ್ನು ನೋಡಲು ಬೀಗದ ಕೈ ಬೇಕಾಗಿಲ್ಲ. ಬೆಳಿಗ್ಗೆ ಎಂಟೂಕಾಲಕ್ಕೆ ಆ ಬಡಾವಣೆಯ ನಿಲ್ದಾಣದಲ್ಲಿ ನಿಂತು ಆಫೀಸಿನವರೆಗೆ ಹೋಗಿ ಬರುತ್ತೇನೆ, ರಾತ್ರಿ ಮತ್ತೆ ಅದೇ ಬೀದಿಯಲ್ಲಿ ಅಮ್ಮನೊಂದಿಗೆ ನಡೆಯುತ್ತೇನೆ. ಯಾರು ಏನಾದರೂ ಅಂದುಕೊಳ್ಳಲಿ. ಕೆಳಗಿನ ಅಂತಸ್ತಿನವರನ್ನೇ ಮಾತನಾಡಿಸಿ ನೀರಿನ ಸಂಗತಿ ಕೇಳಬೇಕೆಂದಿದ್ದೇನೆ, ಬ್ರೋಕರ್ ಪಕ್ಕದಲ್ಲಿ ಇಲ್ಲದಿದ್ದರೆ ಜನ ನಿಜವನ್ನೇ ಹೇಳುತ್ತಾರೆ. ಗೋಡೆಯೊಂದು ಮಾತ್ರ ಉಳಿಯಿತು. ಅದಕ್ಕೆ ರಾತ್ರಿ ಒಳಗೇ ಹೋಗಬೇಕು, ಬಿಡದಿದ್ದರೆ ಆ ಮನೆ ನನಗೆ ಬೇಡ.

ಆ ಊರಿನ ಹೊರವಲಯದಲ್ಲಿ ಬಾಡಿಗೆಗಿರುವ ಅಥವಾ ಹಿಂದೆ ಇದ್ದ ಸ್ನೇಹಿತರು ದಯವಿಟ್ಟು ಇನ್‌ಬಾಕ್ಸಿಗೆ ಬರೆಯಿರಿ. ಬಾಡಿಗೆ ಎಷ್ಟೆಂಬುದು ನನಗೆ ಗೊತ್ತಾಗಿದೆ, ಪಾರ್ಕು ಎಷ್ಟು ದೂರವೆಂಬುದೂ ಬೇಡ. ಸೋಮವಾರ ಬೆಳಿಗ್ಗೆ ಮನೆಯ ಬಾಗಿಲಿಂದ ಆಫೀಸಿನ ಬಾಗಿಲಿಗೆ ಎಷ್ಟು ಹೊತ್ತು ಹಿಡಿಯುತ್ತದೆ, ಏಳು ಗಂಟೆಗೆ ನಲ್ಲಿಯಲ್ಲಿ ಎಷ್ಟು ನೀರು ಬರುತ್ತದೆ, ರಾತ್ರಿ ಕಿಟಕಿ ತೆರೆದು ಮಲಗಬಹುದೇ, ಇಷ್ಟನ್ನು ತಿಳಿಸಿದರೆ ಸಾಕು.